ಬೀಗದ ಕೈ ಯಾರ ಸೊಂಟದಲ್ಲಿ

ಇತಿಹಾಸ ಪಾಠ ಮಾಡುವವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾವ ವಸ್ತುವನ್ನು ಕಂಡರೂ ಇದು ಎಂದು ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಇದಕ್ಕಾಗಿ ಯಾರು ಯಾರೊಡನೆ ಜಗಳವಾಡಿದರು ಎಂದು ಕೇಳದೆ ಅವರಿಗೆ ಸಮಾಧಾನವಿಲ್ಲ. ನಮ್ಮ ಶಾಲೆಯ ಆಫೀಸು ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಮಕ್ಕಳ ಹೆಸರು, ಜನ್ಮದಿನಾಂಕ, ಅಂಕ, ವಿದ್ಯಾರ್ಥಿವೇತನದ ವಿವರ ಎಲ್ಲವನ್ನೂ ಅದಕ್ಕೆ ತುಂಬುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಸಮಾಜ ವಿಜ್ಞಾನದವರಿಗೆ ನೋಟ್ಸ್ ತಿದ್ದುವುದು ಬಿಟ್ಟರೆ ಬೇರೇನು ಕೆಲಸ ಎಂಬ ನಂಬಿಕೆ ಎಲ್ಲ ಶಾಲೆಗಳಲ್ಲೂ ಉಂಟಷ್ಟೆ! ಈ ಯಂತ್ರಕ್ಕೆ ಒಂದು ಹಳೆಯ ಪ್ರಿಂಟರ್ ಸಿಕ್ಕಿಸಿದ್ದರು. ಅದರ ತಂತಿ ಚುಚ್ಚಿದ ಕೂಡಲೇ, ಕೆಲವು ದಿನ, ಇಡೀ ಕಂಪ್ಯೂಟರ್ ನೀಲಿ ಮುಖ ಮಾಡಿಕೊಂಡು ನಿಂತುಬಿಡುತ್ತಿತ್ತು. ಪ್ರಿಂಟರ್ ಕೆಟ್ಟರೆ ಪ್ರಿಂಟರ್ ನಿಲ್ಲಲಿ. ನಾನು ಬೆಳಿಗ್ಗೆಯಿಂದ ತುಂಬಿದ ಅಂಕಪಟ್ಟಿ ಏಕೆ ಹಾಳಾಗಬೇಕು?

ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿರುವ ನನ್ನ ತಂಗಿಯ ಮಗಳನ್ನು ಕೇಳಿದೆ. ಅವಳು ನಕ್ಕು, "ದೊಡ್ಡಮ್ಮ, ತಪ್ಪು ಪ್ರಿಂಟರಿಗೆ ಅಂತ ಬರೆದ ಪ್ರೋಗ್ರಾಮಿನದೇ. ಆದರೆ ಅದನ್ನ ಕೂರಿಸಿರೋ ಜಾಗ ತಿರುಳಿನ ಒಳಗೆ. ಅಲ್ಲಿ ಕೂತವರು ಯಾರೇ ಎಡವಿದರೂ ಎಲ್ಲರೂ ಬೀಳ್ತಾರೆ," ಎಂದಳು. ಹಾಗಾದರೆ ಅಲ್ಲಿ ಕೂರಿಸಿದವರು ಯಾರು, ಬೇಡ ಎಂದವರು ಯಾರೂ ಇರಲಿಲ್ಲವೇ ಎಂದು ಕೇಳಿದೆ. ಇದ್ದರಂತೆ. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಇದ್ದಾರಂತೆ. ಆ ಜಗಳದ ಇತಿಹಾಸವನ್ನು ಅವಳಿಂದ ಕೇಳಿ, ಅವಳು ಕೊಟ್ಟ ಪುಸ್ತಕ ಲೇಖನಗಳನ್ನು ನಿಧಾನಕ್ಕೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ತಿರುಳು ಎಂದರೇನು ಎಂದು ಹೇಳಬೇಕು. ಇಂಗ್ಲಿಷಿನವರು ಅದನ್ನು ಕರ್ನಲ್ ಎನ್ನುತ್ತಾರೆ. ಸ್ಟಾಫ್‌ರೂಮಿನಲ್ಲಿ ಈ ಶಬ್ದ ಹೇಳಿದಾಗ ಮಿಲಿಟರಿ ಕರ್ನಲ್ಲಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನಮ್ಮ ಹಿಂದಿ ಟೀಚರ್ ಕೇಳಿದರು. ಇದು ಆ ಕರ್ನಲ್ ಅಲ್ಲ, ಕಾಯಿಯ ಒಳಗಿನ ತಿರುಳು. ನಾವು ಆಜ್ಞೆ ಬರೆಯುವ ಹೊರಗಿನ ಭಾಗಕ್ಕೆ ಶೆಲ್ ಎನ್ನುತ್ತಾರೆ, ಅಂದರೆ ಚಿಪ್ಪು. ತೆಂಗಿನಕಾಯಿ ಒಡೆದು ಅಭ್ಯಾಸವಿರುವ ನಮಗೆ ಈ ಹೋಲಿಕೆಯಲ್ಲಿ ಕಷ್ಟವೇನಿಲ್ಲ.

ಕಂಪ್ಯೂಟರಿನಲ್ಲಿ ಮಿದುಳು ಒಂದೋ ಕೆಲವೋ. ನೆನಪಿನ ಉಗ್ರಾಣ ಒಂದೇ. ಅದನ್ನು ಬಳಸಬೇಕೆನ್ನುವ ಪ್ರೋಗ್ರಾಮುಗಳು ಮಾತ್ರ ನೂರಾರು. ಯಾರಿಗೆ ಎಷ್ಟು ಹೊತ್ತು ಮಿದುಳು, ಯಾರಿಗೆ ಉಗ್ರಾಣದ ಯಾವ ಮೂಲೆ, ಯಾರ ಮಾತು ಯಾರಿಗೆ ತಲುಪಬೇಕು ಎಂಬುದನ್ನು ನಿರ್ಧರಿಸುವುದು ತಿರುಳು. ಇದಕ್ಕಾಗಿ ಯಂತ್ರದ ಮಿದುಳಿನಲ್ಲೇ ಎರಡು ಅಂತಸ್ತುಗಳನ್ನು ಮಾಡಿದ್ದಾರೆ. ಒಂದರಲ್ಲಿ ನಡೆಯುವ ಪ್ರೋಗ್ರಾಮಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಇನ್ನೊಂದರಲ್ಲಿ ನಡೆಯುವುದಕ್ಕೆ ತನ್ನ ಕೋಣೆ ಬಿಟ್ಟು ಹೊರಗೆ ಕಾಲಿಡುವ ಹಾಗಿಲ್ಲ. ಇಟ್ಟರೆ ಅದೊಂದನ್ನೇ ಕತ್ತು ಹಿಡಿದು ಹೊರಗೆ ಹಾಕಲಾಗುತ್ತದೆ, ಉಳಿದವರ ಕೆಲಸ ನಡೆಯುತ್ತಲೇ ಇರುತ್ತದೆ. ತಿರುಳು ಇರುವುದು ಮೊದಲನೆಯ ಅಂತಸ್ತಿನಲ್ಲಿ. ಜಗಳ ಇರುವುದು ಇಷ್ಟರಲ್ಲೇ: ಆ ಎಲ್ಲ ಬಾಗಿಲು ತೆರೆದ ಕೋಣೆಯೊಳಗೆ ಎಷ್ಟು ಜನರನ್ನು ಬಿಡಬೇಕು?

ನನಗೆ ಇದು ಅರ್ಥವಾದದ್ದು ಎರಡು ಮನೆಗಳನ್ನು ನೆನೆದುಕೊಂಡಾಗ. ನನ್ನ ತವರಿನಲ್ಲಿ ಅಜ್ಜಿಯದೇ ಎಲ್ಲ. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ, ಅಡುಗೆ ಅವಳ ಕೈಯಲ್ಲಿ, ಆಳುಗಳ ಲೆಕ್ಕ ಅವಳ ಬಾಯಲ್ಲಿ, ಹಸು ಯಾವಾಗ ಕರು ಹಾಕಬೇಕೆಂಬುದೂ ಅವಳ ನೆನಪಿನಲ್ಲಿ. ಕೇಳಿದ್ದು ಕೇಳಿದ ಕ್ಷಣಕ್ಕೆ ಸಿಗುತ್ತಿತ್ತು. ಒಂದು ಮಳೆಗಾಲ ಅಜ್ಜಿ ಟೈಫಾಯ್ಡ್ ಬಂದು ಮೂರು ವಾರ ಮಲಗಿದಳು. ಆ ಮೂರು ವಾರ ನಮ್ಮ ಮನೆ ಮನೆಯಾಗಿರಲಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾವ ಭರಣಿಯಲ್ಲಿ ಏನಿದೆ, ಯಾರಿಗೂ ತಿಳಿಯದು.

ಮದುವೆಯಾಗಿ ಹೋದ ಮನೆಯಲ್ಲಿ ಬೇರೆಯೇ ಕ್ರಮ. ಅತ್ತೆಯವರು ಅಡುಗೆಮನೆಗೆ ಕಾಲಿಡುತ್ತಿದ್ದುದೇ ಅಪರೂಪ. ಹಾಲು ಮೊಸರಿನ ಕೋಣೆಯ ಕೈ ದೊಡ್ಡ ಓರಗಿತ್ತಿಗೆ, ಅಕ್ಕಿ ಬೇಳೆಯ ಕೋಣೆಯದು ಎರಡನೆಯವಳಿಗೆ, ಬಟ್ಟೆ ಹಾಸಿಗೆಯದು ನನಗೆ. ಒಬ್ಬರ ಕೈ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಅತ್ತೆ ಮಾಡುತ್ತಿದ್ದುದು ಮೂರೇ ಕೆಲಸ: ಕೈ ಹಂಚುವುದು, ಪಾಲು ಹಂಚುವುದು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ಯಾರಾದರೂ ಕಾಯಿಲೆ ಬಿದ್ದರೆ ಆ ಒಂದು ಕೈ ಬೇರೆಯವರ ಸೊಂಟಕ್ಕೆ ಹೋಗುತ್ತಿತ್ತು, ಮನೆ ನಿಲ್ಲುತ್ತಿರಲಿಲ್ಲ. ಆದರೆ ಅನಿರೀಕ್ಷಿತವಾಗಿ ನೆಂಟರು ಬಂದರೆ ಒಂದು ಲೋಟ ಕಾಫಿಗೆ ಹಾಲು ಒಬ್ಬರಿಂದ, ಸಕ್ಕರೆ ಇನ್ನೊಬ್ಬರಿಂದ, ನಡುವೆ ಅತ್ತೆಯ ಮೂಲಕ ನಾಲ್ಕು ಸಲ ಮಾತು ಹೋಗಿ ಬರಬೇಕು. ಕಾಫಿ ಬರುವಷ್ಟರಲ್ಲಿ ನೆಂಟರು ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದರು.

ಕಂಪ್ಯೂಟರ್ ಲೋಕದ ಐವತ್ತು ವರ್ಷದ ಜಗಳವೆಂದರೆ ಈ ಎರಡು ಮನೆಗಳ ಜಗಳ.

ಎರಡನೆಯ ಬಗೆಯ ಮನೆಯನ್ನು ಮೊದಲು ಕಟ್ಟಿದವರಲ್ಲಿ ಡೆನ್ಮಾರ್ಕಿನ ಪೆರ್ ಬ್ರಿಂಚ್ ಹ್ಯಾನ್ಸನ್‌ರ ಹೆಸರು ದೊಡ್ಡದು. ಕೋಪನ್‌ಹೇಗನ್ನಿನ ರೆಗ್ನೆಸೆಂಟ್ರಾಲೆನ್ ಎಂಬ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಆರ್‌ಸಿ 4000 ಎಂಬ ಕಂಪ್ಯೂಟರ್ ಮಾಡುತ್ತಿದ್ದರು. ಅದರ ಮೊದಲ ಕೆಲಸ ಪೋಲೆಂಡಿನ ಪುವಾವಿ ಎಂಬ ಊರಿನ ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಾ ತಯಾರಿಕೆಯನ್ನು ಕಾಯುವುದು. ಹಂಗೇರಿಯಿಂದ ಬಂದಿದ್ದ ಚಾರ್ಲ್ಸ್ ಸಿಮೋನಿ ಎಂಬ ಹದಿಹರೆಯದ ಹುಡುಗನೂ ಆ ತಂಡದಲ್ಲಿದ್ದ. ಮುಂದೆ ನಾವೆಲ್ಲ ಪತ್ರ ಟೈಪು ಮಾಡುವ ವರ್ಡ್ ಎಂಬ ಪ್ರೋಗ್ರಾಮನ್ನು ಮೈಕ್ರೋಸಾಫ್ಟ್‌ನಲ್ಲಿ ರೂಪಿಸಿದವನು ಅವನೇ. ಒಂದೊಂದು ಗಿರಾಕಿಗೆ ಒಂದೊಂದು ಬಗೆಯ ವ್ಯವಸ್ಥೆ ಬೇಕು. ಪ್ರತಿ ಸಲವೂ ಬುಡದಿಂದ ಬರೆಯಲು ಸಾಧ್ಯವಿಲ್ಲ. ಹಾಗಾಗಿ ಬ್ರಿಂಚ್ ಹ್ಯಾನ್ಸನ್ 1969ರಲ್ಲಿ ಒಂದು ಪುಟ್ಟ ಬೀಜವನ್ನು ಮಾತ್ರ ಮಾಡಿ, ಮಿಕ್ಕದ್ದೆಲ್ಲವನ್ನೂ ಅದರ ಮೇಲೆ ಬೇಕಾದ ಹಾಗೆ ಕಟ್ಟಿಕೊಳ್ಳಿ ಎಂದರು. ಅದಕ್ಕೆ ಅವರು ಇಟ್ಟ ಹೆಸರು ನ್ಯೂಕ್ಲಿಯಸ್. ಅದರಲ್ಲಿ ಸಂದೇಶಕ್ಕೆ ಸಂಬಂಧಿಸಿದ ಕ್ರಿಯೆಗಳು ನಾಲ್ಕೇ: ಸಂದೇಶ ಕಳಿಸು, ಸಂದೇಶಕ್ಕೆ ಕಾಯಿ, ಉತ್ತರ ಕಳಿಸು, ಉತ್ತರಕ್ಕೆ ಕಾಯಿ. ಪ್ರತಿ ಪ್ರೋಗ್ರಾಮಿಗೂ ಒಬ್ಬ ತಾಯಿ ಪ್ರೋಗ್ರಾಮು; ತಾಯಿ ತನ್ನ ಪಾಲಿನ ನೆನಪಿನಲ್ಲಿ ಒಂದು ತುಂಡನ್ನು ಮಗುವಿಗೆ ಕೊಡಬೇಕು, ಇಲ್ಲದ್ದನ್ನು ಕೊಡುವ ಹಾಗಿಲ್ಲ. 1970ರಲ್ಲಿ ಅವರು ಇದನ್ನು ಲೇಖನವಾಗಿ ಪ್ರಕಟಿಸಿದರು.

ಇದೇ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಎಂಬ ಇನ್ನೊಂದು ಮನೆಯ ಪಾಯ ಹಾಕುತ್ತಿದ್ದರು. ಅದು ಅಜ್ಜಿಯ ಮನೆ. ಚಿಕ್ಕದು, ಚೊಕ್ಕದು, ಚುರುಕು. ಕಡತ, ಡಿಸ್ಕು, ಟರ್ಮಿನಲ್ಲು ಎಲ್ಲ ಒಂದೇ ತಿರುಳಿನೊಳಗೆ. ವಿಶ್ವವಿದ್ಯಾಲಯಗಳು ಅದನ್ನು ಪ್ರೀತಿಯಿಂದ ಹಚ್ಚಿಕೊಂಡವು. ಇತಿಹಾಸದಲ್ಲಿ ಗೆದ್ದದ್ದು ಅದರ ಸಂತಾನ. ಮನೆ ಚಿಕ್ಕದಿರುವಾಗ ಅಜ್ಜಿಯ ಆಡಳಿತ ಎಷ್ಟು ಸುಖ ಎಂಬುದು ನನಗೆ ಗೊತ್ತಿರುವುದರಿಂದ ಅವರನ್ನು ದೂರಲಾರೆ.

ಮುಂದೆ ಬಂದ ಹೆಸರು ಮ್ಯಾಕ್. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರಶೀದ್ ಅವರ ತಂಡ 1985ರಲ್ಲಿ ಶುರು ಮಾಡಿದ್ದು. ಅಷ್ಟು ಹೊತ್ತಿಗೆ ಯೂನಿಕ್ಸ್ ಮನೆ ಬೆಳೆದು ಬೆಳೆದು, ಯಾವ ಗೋಡೆ ತಟ್ಟಿದರೆ ಯಾವ ಕೋಣೆ ಉದುರುತ್ತದೋ ತಿಳಿಯದಂತಾಗಿತ್ತು. ಕಡತ ನೋಡಿಕೊಳ್ಳುವವರನ್ನು, ಯೂನಿಕ್ಸಿನ ಬಹುಪಾಲನ್ನೇ, ತಿರುಳಿನಿಂದ ಹೊರಗೆ ಕಳಿಸಿ ಬೇರೆ ಪ್ರೋಗ್ರಾಮುಗಳಾಗಿ ಮಾಡುವುದು ಅವರ ಕನಸು. ಮೈಕ್ರೋಕರ್ನಲ್, ಅಂದರೆ ಕಿರುತಿರುಳು, ಎಂಬ ಶಬ್ದ ಎಲ್ಲರ ಬಾಯಿಗೆ ಬಂದದ್ದು ಆಗ. ದೊಡ್ಡ ದೊಡ್ಡ ಕಂಪನಿಗಳು ಅದನ್ನು ನಂಬಿದವು. ಆದರೆ ಕಾಫಿ ತಡವಾಗಿಬಿಟ್ಟಿತು! ಒಂದು ಕೋಣೆಯಿಂದ ಇನ್ನೊಂದಕ್ಕೆ ಮಾತು ಹೋಗಿ ಬರುವ ಹೊತ್ತು ತೀರ ಹೆಚ್ಚು. ಐಬಿಎಂ ತನ್ನ ಮಹತ್ವಾಕಾಂಕ್ಷೆಯ ವರ್ಕ್‌ಪ್ಲೇಸ್ ಓಎಸ್ ಯೋಜನೆಯನ್ನು ಮ್ಯಾಕ್ ಮೇಲೆ ಕಟ್ಟಲು ಹೊರಟು 1996ರಲ್ಲಿ ಕೈಬಿಟ್ಟಿತು. ಇದರ ಒಂದು ಕವಲು ಮಾತ್ರ ಅದೃಷ್ಟ ಮಾಡಿತ್ತು. ಮ್ಯಾಕ್ ತಂಡದ ಏವಿ ಟೆವೇನಿಯನ್ ಸ್ಟೀವ್ ಜಾಬ್ಸ್‌ರ ನೆಕ್ಸ್ಟ್ ಕಂಪನಿಗೆ ಹೋದರು, ಆ ಕಂಪನಿಯನ್ನು ಆ್ಯಪಲ್ ಕೊಂಡಿತು. ಇವತ್ತಿನ ಐಫೋನಿನ ತಿರುಳಿನಲ್ಲೂ ಮ್ಯಾಕ್‌ನ ಅಂಶ ಉಳಿದಿದೆ. ಆದರೆ ವೇಗಕ್ಕಾಗಿ ಹೊರಗೆ ಕಳಿಸಿದವರನ್ನೆಲ್ಲ ಅಲ್ಲಿ ಮತ್ತೆ ಒಳಗೆ ಕರೆದುಕೊಂಡಿದ್ದಾರೆ.

ಈಗ ಮೇಷ್ಟ್ರ ಕತೆಗೆ ಬರುತ್ತೇನೆ. ಈ ಇತಿಹಾಸದಲ್ಲಿ ನನಗೆ ಅತ್ಯಂತ ಆತ್ಮೀಯವಾದ ಭಾಗ ಇದು, ಏಕೆಂದರೆ ಇದು ಪಠ್ಯಪುಸ್ತಕದ ಜಗಳದಿಂದ ಹುಟ್ಟಿದ್ದು. 1979ರಲ್ಲಿ ಬಂದ ಯೂನಿಕ್ಸಿನ ಏಳನೆಯ ಆವೃತ್ತಿಯ ಪರವಾನಗಿಯಲ್ಲಿ ಅದರ ಮಾಲೀಕರು ಒಂದು ಷರತ್ತು ಹಾಕಿದರು: ಇದರ ಒಳಗಿನ ಬರಹವನ್ನು ತರಗತಿಯಲ್ಲಿ ಪಾಠ ಮಾಡುವಂತಿಲ್ಲ. ಆಮ್‌ಸ್ಟರ್‌ಡಾಮಿನ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಆ್ಯಂಡ್ರೂ ಟ್ಯಾನೆನ್‌ಬಾಮ್ ಎಂಬ ಅಧ್ಯಾಪಕರಿಗೆ ಇದರಿಂದ ಕೈ ಕಟ್ಟಿದಂತಾಯಿತು. ಒಳಗೆ ಏನಿದೆ ಎಂದು ತೋರಿಸದೆ ಆಪರೇಟಿಂಗ್ ಸಿಸ್ಟಮ್ ಕಲಿಸುವುದು ಹೇಗೆ? ಕಪ್ಪೆ ಕೊಯ್ಯದೆ ಜೀವಶಾಸ್ತ್ರ ಕಲಿಸಿ ಎಂದ ಹಾಗೆ. ಅವರು ಗೊಣಗುತ್ತ ಕೂರಲಿಲ್ಲ. ರಾತ್ರಿಗಳಲ್ಲಿ, ಮನೆಯಲ್ಲಿ ಕುಳಿತು, ಸುಮಾರು 12 ಸಾವಿರ ಸಾಲುಗಳ ಒಂದು ಪುಟ್ಟ ವ್ಯವಸ್ಥೆಯನ್ನು ತಾವೇ ಬರೆದರು. ಹೆಸರು ಮಿನಿಕ್ಸ್. 1987ರಲ್ಲಿ ಅದರ ಬರಹವನ್ನೇ ಅನುಬಂಧವಾಗಿ ಮಾಡಿ ಪಠ್ಯಪುಸ್ತಕ ಪ್ರಕಟಿಸಿದರು. ಅದೂ ಅತ್ತೆಯ ಮನೆಯೇ: ಕಡತ ನೋಡುವವನು ಬೇರೆ, ನೆನಪು ನೋಡುವವನು ಬೇರೆ, ಕೆಳಗೆ ಮಾತು ಮುಟ್ಟಿಸುವ ತಿರುಳು. ಅವರ ಪುಸ್ತಕಗಳು ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಓಡಾಡಿವೆ. ತಂಗಿಯ ಮಗಳ ಕಪಾಟಿನಲ್ಲಿ ಕಿವಿ ಮಡಚಿದ ಒಂದು ಪ್ರತಿಯನ್ನು ನಾನೇ ನೋಡಿದ್ದೇನೆ.

ಹೆಲ್ಸಿಂಕಿಯ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಈ ಪುಸ್ತಕ ಓದಿ, 1991ರ ಜನವರಿಯಲ್ಲಿ ಒಂದು ಕಂಪ್ಯೂಟರ್ ಕೊಂಡು, ಅದರಲ್ಲಿ ಮಿನಿಕ್ಸ್ ಹಾಕಿಕೊಂಡ. ಕೆಲವೇ ತಿಂಗಳಲ್ಲಿ ತನ್ನದೇ ತಿರುಳು ಬರೆದ. ಅದೇ ಲಿನಕ್ಸ್. ಅದನ್ನು ಅವನು ಅಜ್ಜಿಯ ಮನೆಯ ಕ್ರಮದಲ್ಲಿ ಕಟ್ಟಿದ, ಎಲ್ಲರೂ ಒಳಗೆ. 1992ರ ಜನವರಿ 29ರಂದು ಟ್ಯಾನೆನ್‌ಬಾಮ್ ಮಿನಿಕ್ಸ್ ಬಳಸುವವರೆಲ್ಲ ಓದುವಂತೆ ಬಹಿರಂಗವಾಗಿ ಬರೆದರು: ಲಿನಕ್ಸ್ ಹಳತಾಯಿತು, ಇದು 1970ರ ದಶಕಕ್ಕೆ ಹಿಂತಿರುಗಿ ಹೋಗುವುದು. ನೀನು ನನ್ನ ವಿದ್ಯಾರ್ಥಿಯಲ್ಲದಿರುವುದು ನಿನ್ನ ಪುಣ್ಯ, ಇಂಥದಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಎಂಬರ್ಥದ ಮಾತೂ ಅದೇ ಜಗಳದಲ್ಲಿ ಬಂತು. 22 ವರ್ಷದ ಹುಡುಗ ಬಿಸಿಯಾಗಿ ಉತ್ತರಿಸಿದ, ಮಾತು ಮಿತಿಮೀರಿತೆಂದು ಬೇಗನೆ ಕ್ಷಮೆಯನ್ನೂ ಕೇಳಿದ.

ಟೀಚರಾಗಿ ನನಗೆ ಇಲ್ಲಿ ಇಬ್ಬರ ಮೇಲೂ ಮಮತೆ. ವಿಚಾರದ ಮಟ್ಟಿಗೆ ಮೇಷ್ಟ್ರು ಹೇಳಿದ್ದು ಸರಿ ಎಂದೇ ನನ್ನ ತೀರ್ಮಾನ. ಆದರೆ ಇತಿಹಾಸ ವಿಚಾರವೊಂದರಿಂದಲೇ ನಡೆಯುವುದಿಲ್ಲವಲ್ಲ. ಮಿನಿಕ್ಸ್ ಪ್ರಕಾಶಕರ ಸ್ವತ್ತು, ದುಡ್ಡು ಕೊಟ್ಟು ಕೊಳ್ಳಬೇಕು, ತಿದ್ದಿದ್ದನ್ನು ಬೇಕಾದ ಹಾಗೆ ಹಂಚುವಂತಿಲ್ಲ. ಅದಕ್ಕೆ ಮುಕ್ತ ಪರವಾನಗಿ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಟೋರ್ವಾಲ್ಡ್ಸ್ ತನ್ನದನ್ನು 1992ರಲ್ಲೇ ಯಾರು ಬೇಕಾದರೂ ತಿದ್ದಿ ಹಂಚಬಹುದೆಂದು ಬಿಟ್ಟುಕೊಟ್ಟ. ಬಾಗಿಲು ತೆರೆದಿದ್ದ ಮನೆಗೆ ಜನ ಹೋದರು. ಒಳಗಿನ ವಾಸ್ತು ಹೇಗಿದೆಯೆಂದು ಯಾರು ಕೇಳುತ್ತಾರೆ? ಇವತ್ತು ನಮ್ಮೆಲ್ಲರ ಆಂಡ್ರಾಯ್ಡ್ ಫೋನುಗಳ ತಿರುಳು ಲಿನಕ್ಸ್. ಹತ್ತು ಸಾವಿರ ಸಾಲಿನಿಂದ ಹೊರಟದ್ದು ಈಗ ಮೂರು ಕೋಟಿಗೂ ಮಿಕ್ಕಿದೆ. ಅದರಲ್ಲಿ ದೊಡ್ಡ ಪಾಲು ನಮ್ಮ ಆಫೀಸಿನ ಪ್ರಿಂಟರಿನಂಥ ನಾನಾ ಉಪಕರಣಗಳನ್ನು ನಡೆಸುವ ಬರಹ.

ಕತೆ ಇಲ್ಲಿಗೆ ಮುಗಿದಿದ್ದರೆ ಮೇಷ್ಟ್ರು ಸೋತರು ಎಂದು ಬರೆದು ಪುಟ ತಿರುಗಿಸಬಹುದಿತ್ತು. 2017ರಲ್ಲಿ ಒಂದು ಸಂಗತಿ ಬಯಲಾಯಿತು. ಇಂಟೆಲ್ ಕಂಪನಿ 2015ರಿಂದೀಚೆಗೆ ಮಾಡಿದ ಚಿಪ್ಪುಗಳೊಳಗೆ, ಮುಖ್ಯ ಮಿದುಳಿನ ಪಕ್ಕದಲ್ಲಿ, ಇನ್ನೊಂದು ಪುಟ್ಟ ಕಂಪ್ಯೂಟರ್ ಅಡಗಿದೆ. ನಾವು ಯಂತ್ರ ಆರಿಸಿದರೂ ಕರೆಂಟು ಇರುವವರೆಗೆ ಅದು ಎಚ್ಚರವಾಗಿರಬಲ್ಲದು. ಅದರೊಳಗೆ ನಡೆಯುತ್ತಿರುವುದು ಮಿನಿಕ್ಸ್! ಟ್ಯಾನೆನ್‌ಬಾಮ್ ಆ ನವೆಂಬರಿನಲ್ಲಿ ಇಂಟೆಲ್‌ಗೆ ಒಂದು ಬಹಿರಂಗ ಪತ್ರ ಬರೆದರು. ಕಾನೂನಿನ ಪ್ರಕಾರ ನೀವು ನನಗೆ ಹೇಳಬೇಕಾಗಿರಲಿಲ್ಲ, ಹೇಳಿದ್ದರೆ ಸಂತೋಷವಾಗುತ್ತಿತ್ತು ಎಂಬ ಧಾಟಿ. ಹಾಸ್ಯವೂ ಇತ್ತು, ನೋವೂ ಇತ್ತು. ವಿದ್ಯಾರ್ಥಿಗಳು ಒಳಗನ್ನು ಕಣ್ಣಾರೆ ಕಾಣಲೆಂದು ಒಬ್ಬ ಅಧ್ಯಾಪಕ ಬರೆದ ವ್ಯವಸ್ಥೆ, ಯಾರ ಕಣ್ಣಿಗೂ ಬೀಳದ ಕಡೆ ಕೂತು ಕೋಟ್ಯಂತರ ಯಂತ್ರಗಳ ಕೈ ಹಿಡಿದಿತ್ತು. ತಿರುಳು ಚಿಕ್ಕದಾದರೆ ಸಾಲದು, ಅದರ ಬಾಗಿಲಿಗೆ ಕಿಟಕಿಯೂ ಬೇಕು ಎಂದು ನನಗೆ ಅನಿಸಿದ್ದು ಇದನ್ನು ಓದಿದಾಗ.

ನಡುವೆ ಒಬ್ಬ ಜರ್ಮನ್ನನನ್ನು ಬಿಟ್ಟು ಬಂದೆ. ಯೋಹೆನ್ ಲೀಟ್ಕೆ. 1953ರಲ್ಲಿ ಹುಟ್ಟಿದವರು. ಕಲಿಕೆಗಾಗಿ ಮಾಡಿದ ಎಲಾನ್ ಎಂಬ ಭಾಷೆಗೆ ಯೂಮೆಲ್ ಎಂಬ ವ್ಯವಸ್ಥೆ ಬರೆಯುವುದರಿಂದ ಅವರ ಕೆಲಸ ಶುರುವಾಯಿತು. 1990ರ ದಶಕದ ಆರಂಭದಲ್ಲಿ ಎಲ್ಲರೂ ಕಿರುತಿರುಳು ನಿಧಾನ, ಅದು ಅದರ ಹಣೆಬರಹ ಎಂದು ತೀರ್ಮಾನಿಸಿದ್ದಾಗ, ಈತ ಮಾತ್ರ ಅಲ್ಲ ಎಂದರು. ಕಿರಿದು ಎಂದು ಹೆಸರಿಟ್ಟುಕೊಂಡು ಒಳಗೆಲ್ಲ ಕೊಬ್ಬು ತುಂಬಿಕೊಂಡಿದ್ದೀರಿ, ತಪ್ಪು ಕಲ್ಪನೆಯದಲ್ಲ, ಕಟ್ಟಿದ ರೀತಿಯದು ಎಂಬುದು ಅವರ ವಾದ. ವಾದ ಮಾಡಿ ಸುಮ್ಮನಾಗಲಿಲ್ಲ, ಅಳೆದು ತೋರಿಸಿದರು. 1993ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಒಂದೇ ಯಂತ್ರದ ಮೇಲೆ, ಒಂದು ಪುಟ್ಟ ಸಂದೇಶ ಕಳಿಸಲು ಮ್ಯಾಕ್‌ಗೆ 115 ಮೈಕ್ರೋಸೆಕೆಂಡು ಹಿಡಿದರೆ ಅವರ ಎಲ್3 ಎಂಬ ತಿರುಳಿಗೆ ಹಿಡಿದದ್ದು 5. ಅದರ ಮುಂದಿನದು ಎಲ್4, ಕೇವಲ 12 ಕಿಲೋಬೈಟು. ನಮ್ಮ ಫೋನಿನಲ್ಲಿ ಒಂದು ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ. 1995ರಲ್ಲಿ ಅವರು ಬರೆದ ನಿಯಮ ಈಗ ಪ್ರಸಿದ್ಧ: ಹೊರಗಿಟ್ಟರೆ ಕೆಲಸವೇ ಸಾಗುವುದಿಲ್ಲ ಎನ್ನುವಂಥದನ್ನು ಮಾತ್ರ ತಿರುಳಿನೊಳಗೆ ಸಹಿಸಬಹುದು. ಅವರು ಬಳಸಿದ್ದು ಸಹಿಸು ಎಂಬರ್ಥದ ಶಬ್ದವನ್ನೇ. 1999ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾದರು. 2001ರ ಜೂನ್ 10ರಂದು ತೀರಿಕೊಂಡರು, 48 ವರ್ಷಕ್ಕೆ. ಐಫೋನಿನಲ್ಲಿ ಬೆರಳಚ್ಚು, ಮುಖದ ಗುರುತುಗಳನ್ನು ಕಾಯುವ ಪ್ರತ್ಯೇಕ ಭಾಗದಲ್ಲಿ ನಡೆಯುವುದು ಎಲ್4ರಿಂದ ಬೆಳೆಸಿದ ತಿರುಳೇ ಎಂದು ಆ್ಯಪಲ್ ಕಂಪನಿಯೇ ಬರೆದಿದೆ. ಅದನ್ನು ನೋಡಲು ಅವರು ಇರಲಿಲ್ಲ.

ಲೀಟ್ಕೆಯ ನಂತರ ಎಲ್4 ಎರಡು ದಿಕ್ಕಿಗೆ ಬೆಳೆಯಿತು. ಒಂದು ದಿಕ್ಕು ಆಸ್ಟ್ರೇಲಿಯಾದ ಸಿಡ್ನಿ. ಅಲ್ಲಿನ ಗೆರ್ನಾಟ್ ಹೈಸರ್, ಗರ್ವಿನ್ ಕ್ಲೈನ್, ಜೂನ್ ಆಂಡ್ರೋನಿಕ್ ಮೊದಲಾದವರ ತಂಡ ಎಸ್‌ಇ-ಎಲ್4 ಎಂಬ ತಿರುಳು ಮಾಡಿ, ಇದು ಹೇಳಿದಂತೆಯೇ ನಡೆಯುತ್ತದೆ ಎಂದು 2009ರಲ್ಲಿ ಗಣಿತದಿಂದ ಸಾಧಿಸಿತು. ನಾವು ಹತ್ತನೇ ತರಗತಿಯ ರೇಖಾಗಣಿತದಲ್ಲಿ ದತ್ತ, ಸಾಧನೀಯ, ಸಾಧನೆ ಎಂದು ಬರೆಯುತ್ತಿದ್ದೆವಲ್ಲ, ಹಾಗೆಯೇ. ತಿರುಳು ಸುಮಾರು 8,700 ಸಾಲು. ಸಾಧನೆ ಸುಮಾರು 2 ಲಕ್ಷ ಸಾಲು! ಪರೀಕ್ಷಿಸಿ, ಬಳಸಿ ನೋಡಿದಾಗ ಸಿಕ್ಕಿದ್ದ ದೋಷಗಳು 16. ಸಾಧನೆ ಬರೆಯುವಾಗ ಸಿಕ್ಕಿದ್ದು ಇನ್ನೂ 144. ಮೂರು ಕೋಟಿ ಸಾಲಿಗೆ ಈ ಸೇವೆ ಮಾಡುವವರು ಯಾರು? ತಿರುಳು ಕಿರಿದಾಗಿದ್ದರೆ ಮಾತ್ರ ಸಾಧ್ಯವಾಗುವ ಕೆಲಸವಿದು. ಫ್ರಾನ್ಸಿನಿಂದ ಬಂದ ಜೂನ್ ಆಂಡ್ರೋನಿಕ್ ಮುಂದೆ ಇದೇ ಕೆಲಸದ ಮುಂದಾಳುಗಳಲ್ಲಿ ಒಬ್ಬರಾದರು. ಈ ಇಡೀ ಕತೆಯಲ್ಲಿ ಹೆಂಗಸಿನ ಹೆಸರಿಗಾಗಿ ನಾನು ಹುಡುಕುತ್ತಲೇ ಇದ್ದೆ, ನೀವೂ ಹುಡುಕುತ್ತಿದ್ದಿರಬಹುದು. ಇಷ್ಟಾಗಿಯೂ 2021ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಈ ತಂಡವನ್ನು ಕೈಬಿಟ್ಟಿತು. ಅವರು ವಿಶ್ವವಿದ್ಯಾಲಯಕ್ಕೆ ಮರಳಿದರು. ಒಳ್ಳೆಯ ಕೆಲಸ ಮಾಡಿದವರಿಗೆ ಸಿಗುವ ಮರ್ಯಾದೆ ಎಲ್ಲ ದೇಶದಲ್ಲೂ ಒಂದೇ.

ಇನ್ನೊಂದು ದಿಕ್ಕು ಜರ್ಮನಿಯ ಡ್ರೆಸ್ಡೆನ್. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಫೆಸ್ಕೆ, ಕ್ರಿಸ್ಟಿಯನ್ ಹೆಲ್ಮುತ್ ಎಂಬ ಇಬ್ಬರು 2006ರ ಸುಮಾರಿಗೆ ಒಂದು ಪ್ರಶ್ನೆ ಎತ್ತಿಕೊಂಡರು. ತಿರುಳು ಕಿರಿದಾಯಿತು, ಸರಿ. ಹೊರಗೆ ಹೋದ ನೂರು ಬಿಡಿಭಾಗಗಳನ್ನು ಸಂಸಾರವಾಗಿ ಕಟ್ಟುವುದು ಹೇಗೆ? ಅವರು ಕಟ್ಟಿದ್ದರ ಹೆಸರು ಈಗ ಜೀನೋಡ್. 2008ರಿಂದ ಅದನ್ನು ತಮ್ಮದೇ ಪುಟ್ಟ ಕಂಪನಿ ಮಾಡಿಕೊಂಡು ಬೆಳೆಸುತ್ತಿದ್ದಾರೆ. ತಿರುಳಿನ ಮೇಲೆ ಮೊದಲು ಕಣ್ಣು ಬಿಡುವ ಭಾಗಕ್ಕೆ ಅವರು ಕೋರ್ ಎಂದೇ ಹೆಸರಿಟ್ಟಿದ್ದಾರೆ. ಯಂತ್ರದ ನೆನಪೆಲ್ಲ, ಮಿದುಳಿನ ಹೊತ್ತೆಲ್ಲ ಮೊದಲಿಗೆ ಕೋರ್‌ನ ಕೈಯಲ್ಲಿ. ಅದು ಮಾಡುವುದು ಒಂದು ಮಗುವನ್ನು ಹುಟ್ಟಿಸಿ ಇದ್ದದ್ದನ್ನೆಲ್ಲ ಅದಕ್ಕೆ ಒಪ್ಪಿಸುವುದು. ಆ ಮಗು ತನ್ನ ಮಕ್ಕಳಿಗೆ ಪಾಲು ಕೊಡುತ್ತದೆ, ಅವು ತಮ್ಮ ಮಕ್ಕಳಿಗೆ. ಕೋರ್‌ಗೆ ಕಡತ ಗೊತ್ತಿಲ್ಲ, ಇಂಟರ್ನೆಟ್ ಗೊತ್ತಿಲ್ಲ, ಚಿತ್ರ ಗೊತ್ತಿಲ್ಲ. ಪಾಲು ಮತ್ತು ಕೈ, ಎರಡೇ. ಇಲ್ಲಿ ಕೈ ಎಂದರೆ ಯಾರೂ ತಾವಾಗಿಯೇ ಖೋಟಾ ಮಾಡಿಕೊಳ್ಳಲಾಗದ ಬೀಗದ ಕೈ. ಅದು ಸಿಗದವನಿಗೆ ಆ ಬಾಗಿಲು ಇದೆಯೆಂಬುದೇ ಕಾಣುವುದಿಲ್ಲ. ಮಗು ಏನಾದರೂ ಬೇಕೆಂದರೆ ತಾಯಿಯನ್ನೇ ಕೇಳಬೇಕು. ತಾಯಿ ಕೊಡಬಹುದು, ಇಲ್ಲವೆನ್ನಬಹುದು, ತನ್ನ ತಾಯಿಯನ್ನು ಕೇಳಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ನಿಯಮ. ಒಂದು ಭಾಗ ಇನ್ನೊಂದರಿಂದ ಕೆಲಸ ಮಾಡಿಸಿಕೊಂಡರೆ, ಆ ಕೆಲಸಕ್ಕೆ ಬೇಕಾದ ನೆನಪಿನ ಜಾಗವನ್ನು ಕೇಳಿದವರೇ ತಮ್ಮ ಪಾಲಿನಿಂದ ಕೊಡಬೇಕು. ಕೆಲಸ ಮುಗಿದ ಮೇಲೆ ಅದು ವಾಪಸು. ನಮ್ಮ ಬೀದಿಯಲ್ಲಿ ಗ್ರೈಂಡರ್ ಇದ್ದ ಒಬ್ಬರು ಹೇಳುತ್ತಿದ್ದರು, ರುಬ್ಬಿ ಕೊಡುತ್ತೇನೆ, ಅಕ್ಕಿ ಉದ್ದು ನೀವೇ ತರಬೇಕು ಅಂತ. ಎಷ್ಟು ಜನ ಬಂದು ರುಬ್ಬಿಸಿಕೊಂಡರೂ ಅವರ ಡಬ್ಬಿ ಖಾಲಿಯಾಗುತ್ತಿರಲಿಲ್ಲ. ತಾಯಿ ತನ್ನ ಪಾಲಿನಿಂದಲೇ ಕೊಡಬೇಕೆಂಬ ಮಾತು ಬ್ರಿಂಚ್ ಹ್ಯಾನ್ಸನ್‌ರ 1969ರ ಬೀಜದಲ್ಲೇ ಇತ್ತು ಎಂಬುದು ನಿಮಗೆ ನೆನಪಿರಬಹುದು. ಅವರು 2007ರಲ್ಲಿ ತೀರಿಕೊಂಡರು.

ಇವೆಲ್ಲ ಇಂಜಿನಿಯರುಗಳ ಚರ್ಚೆ, ನಮಗೇಕೆ ಎನ್ನುವವರಿಗೆ 2024ರ ಜುಲೈ 19ರ ಶುಕ್ರವಾರವನ್ನು ನೆನಪಿಸುತ್ತೇನೆ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಕಾವಲು ಪ್ರೋಗ್ರಾಮು ವಿಂಡೋಸ್ ಯಂತ್ರಗಳ ತಿರುಳಿನೊಳಗೆ ಕುಳಿತಿತ್ತು. ಅದಕ್ಕೆ ಬಂದ ಒಂದು ಹೊಸ ಪಟ್ಟಿಯಲ್ಲಿ 21 ಅಂಶಗಳಿದ್ದವು; ಪ್ರೋಗ್ರಾಮಿನ ಬಳಿ ಇದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಅದು ತನಗೆ ಸೇರದ ಜಾಗಕ್ಕೆ ಕೈ ಹಾಕಿತು. ಕೆಳ ಅಂತಸ್ತಿನವನಾಗಿದ್ದರೆ ಅವನೊಬ್ಬನನ್ನು ಹೊರಗೆ ಹಾಕುತ್ತಿದ್ದರು. ತಿರುಳಿನಲ್ಲಿದ್ದದ್ದರಿಂದ ಇಡೀ ಯಂತ್ರ ಬಿತ್ತು. ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು. ಲೋಕದಾದ್ಯಂತ ವಿಮಾನಗಳು ನಿಂತವು, ಕೆಲವು ದೇಶಗಳಲ್ಲಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೆ ಹಾಕಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಸಾಲುಗಳು ಬೆಳೆದವು. ನಮ್ಮ ದೇಶದಲ್ಲಿ ಅಂದು ಕೈಯಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸುಗಳ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಆಫೀಸಿನ ಪ್ರಿಂಟರ್ ಮಾಡುತ್ತಿದ್ದ ಉಪದ್ರವವೇ, 85 ಲಕ್ಷ ಪಟ್ಟು.

ನನ್ನ ತರಗತಿಯ ಹುಡುಗಿಯರ ವಿವರಗಳನ್ನು ತುಂಬುವಾಗ ಈಗ ಕೈ ಒಂದು ಕ್ಷಣ ನಿಲ್ಲುತ್ತದೆ. ಅಪ್ಪನ ಆದಾಯ, ಅಮ್ಮನ ಬ್ಯಾಂಕ್ ಖಾತೆ, ಮನೆಯ ವಿಳಾಸ. ಕಾಗದದ ಕಾಲದಲ್ಲಿ ಇವುಗಳ ಬೀರುವಿನ ಕೈ ಹೆಡ್‌ಮಿಸ್ಟ್ರೆಸ್ ಬಳಿ ಇರುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಈಗ ಆ ಕೈ ಒಬ್ಬರ ಬಳಿ ಇಲ್ಲ. ಪ್ರಿಂಟರಿನ ಬಳಿಯೂ ಇದೆ.

ಕಳೆದ ದಸರಾ ರಜೆಗೆ ಬಂದಿದ್ದಾಗ ತಂಗಿಯ ಮಗಳು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಜೀನೋಡ್‌ನವರ ಸ್ಕಲ್ಪ್ಟ್ ಎಂಬ ವ್ಯವಸ್ಥೆಯನ್ನು ಹಾಕಿ ತೋರಿಸಿದಳು. 2018ರಿಂದ ಅದನ್ನು ಹೊರತರುತ್ತಿದ್ದಾರೆ. ಪರದೆಯ ಮೇಲೆ ಚೌಕ ಚೌಕವಾಗಿ ಬಿಡಿಭಾಗಗಳು, ಯಾರು ಯಾರನ್ನು ನಂಬಿದ್ದಾರೆ ಎಂಬುದಕ್ಕೆ ನಡುವೆ ಗೆರೆಗಳು. ನೋಡಲು ವಂಶವೃಕ್ಷದಂತಿತ್ತು, ಹೊಯ್ಸಳರದ್ದು ನಾನು ಬೋರ್ಡಿನ ಮೇಲೆ ಬರೆಯುವ ಹಾಗೆ. ಕನ್ನಡ ಅಕ್ಷರ ಬರುತ್ತದೆಯೇ ಎಂದೆ. ಅದಕ್ಕೆ ಬೇರೆ ಬಿಡಿಭಾಗ ಕೂರಿಸಬೇಕು ದೊಡ್ಡಮ್ಮ ಎಂದಳು. ಇಂಟರ್ನೆಟ್ ನೋಡಿಕೊಳ್ಳುವ ಚೌಕವನ್ನು ತೋರಿಸಿ, "ಇದನ್ನ ಈಗ ಸಾಯಿಸಿ, ಮತ್ತೆ ಎಬ್ಬಿಸ್ತೀನಿ, ನೋಡ್ತಿರಿ," ಎಂದು ಒತ್ತಿದಳು. ಚೌಕ ಮಾಯವಾಗಿ ಕ್ಷಣದಲ್ಲಿ ಮತ್ತೆ ಬಂತು. ಪಕ್ಕದ ಕಿಟಕಿಯಲ್ಲಿ ನಾನು ಅರ್ಧ ಬರೆದಿದ್ದ ಸಾಲು ಹಾಗೇ ಇತ್ತು. ಅದನ್ನು ಪೂರ್ತಿ ಮಾಡಿ ಎದ್ದೆ.